ಯಂತ್ರ ಕೊಟ್ಟಿರಿ, ಸಮಯವನ್ನೂ ಕೊಡಿ: ವೈದ್ಯಕೀಯ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರಿಗೆ ನಮಸ್ಕಾರಗಳು.

ಕ್ಯಾನ್ಸರ್ ಚಿಕಿತ್ಸೆಯ ಯಂತ್ರ ಖರೀದಿಯ ಕಡತದಲ್ಲಿ ಎಲ್ಲವೂ ಇರುತ್ತದೆ: ಯಂತ್ರದ ದರ, ವಿಕಿರಣ ಹೊರಹೋಗದಂತೆ ಅದಕ್ಕೆ ಕಟ್ಟುವ ಕೋಣೆಯ (ಬಂಕರಿನ) ಗೋಡೆಯ ದಪ್ಪ, ನಿರ್ವಹಣೆಯ ಕರಾರು. ಯಂತ್ರದಿಂದ ಹೊರಬೀಳುವ ವಿಕಿರಣವನ್ನು ಅಳೆದು, ಇದನ್ನು ರೋಗಿಗೆ ಕೊಡಬಹುದು ಎಂದು ರುಜು ಹಾಕುವವರಿಗೆ ಹೊಸದನ್ನು ಪರೀಕ್ಷಿಸಿ ನೋಡಲು ಬಿಡುವು ಎಲ್ಲಿದೆ ಎಂಬ ಒಂದು ಸಾಲು ಮಾತ್ರ ನಾನು ಯಾವ ಕಡತದಲ್ಲೂ ಕಂಡಿಲ್ಲ. ಹಾಗೆ ರುಜು ಹಾಕುವವರಲ್ಲಿ ನಾನೂ ಒಬ್ಬ, ಬೋಧನಾ ಆಸ್ಪತ್ರೆಯೊಂದರ ಮೆಡಿಕಲ್ ಫಿಸಿಸಿಸ್ಟ್. ಡಾಕ್ಟರೂ ಅಲ್ಲ, ಟೆಕ್ನೀಷಿಯನ್ನೂ ಅಲ್ಲ. ಭೌತಶಾಸ್ತ್ರ ಓದಿ ಆಸ್ಪತ್ರೆಗೆ ಬಂದವನು. (ಈ ವಿವರಣೆಯನ್ನು ನಮ್ಮ ಆಡಳಿತ ಕಚೇರಿಗೇ ಆಗಾಗ ಕೊಡಬೇಕಾಗುತ್ತದೆ.)

ಗಡ್ಡೆಗೆ ತಲುಪುವ ಡೋಸ್, ಅಂದರೆ ವಿಕಿರಣದ ಪ್ರಮಾಣ, ವೈದ್ಯರು ಬರೆದ ಡೋಸಿಗಿಂತ ಶೇ. 5ಕ್ಕಿಂತ ಹೆಚ್ಚು ಆಚೀಚೆ ಆಗಬಾರದು ಎಂದು ವಿಕಿರಣದ ಮಾನ, ಅಳತೆಗಳನ್ನು ನೋಡಿಕೊಳ್ಳುವ ಐಸಿಆರ್‌ಯು ಎಂಬ ಅಂತರರಾಷ್ಟ್ರೀಯ ಆಯೋಗ 1976ರಲ್ಲೇ ಹೇಳಿತು. ವಿಕಿರಣ ಅಳೆಯುವ ಉಪಕರಣವಾದ ಅಯಾನ್ ಚೇಂಬರಿನ ಕ್ಯಾಲಿಬ್ರೇಷನ್ (ಅದರ ಅಳತೆ ಸರಿಯಿದೆಯೇ ಎಂದು ಹೊಂದಿಸುವುದು), ಯಂತ್ರದ ದಿನನಿತ್ಯದ ಏರುಪೇರು, ಕಂಪ್ಯೂಟರಿನ ಲೆಕ್ಕ, ರೋಗಿ ಮಲಗಿದ ಭಂಗಿ, ಇವೆಲ್ಲದರ ತಪ್ಪುಗಳು ಕೂಡಿ ಆ ಐದರೊಳಗೆ ಅಡಗಬೇಕು. ಇದು ನಿತ್ಯದ ಕೆಲಸ. ಇದರಲ್ಲಿ ಸಂಶೋಧನೆಗೇನು ಕೆಲಸ ಎಂದು ತಾವು ಕೇಳಬಹುದು. ಬಹಳ ಜನ ಕೇಳಿದ್ದಾರೆ.

ಒಂದು ಉದಾಹರಣೆ ಕೊಡುತ್ತೇನೆ. ಮೆದುಳಿನ ಸಣ್ಣ ಗಡ್ಡೆಗಳಿಗೆ ಕೆಲವೇ ಮಿಲಿಮೀಟರ್ ಅಗಲದ ಕಿರಣ ಬಳಸುತ್ತೇವೆ. ಅಳೆಯುವ ಚೇಂಬರೇ ಕಿರಣಕ್ಕಿಂತ ದೊಡ್ಡದಾಗಿದ್ದರೆ ಅದು ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಆ ಅಂಕಿಯನ್ನು ನಂಬಿ ಲೆಕ್ಕ ಹಾಕಿದರೆ ರೋಗಿಗೆ ಬೀಳುವ ಡೋಸ್ ಹೆಚ್ಚಾಗುತ್ತದೆ. ಫ್ರಾನ್ಸಿನ ಟುಲೂಸ್‌ನಲ್ಲಿ ಆದದ್ದು ಇದೇ: 2006ರಿಂದ 2007ರವರೆಗೆ 145 ರೋಗಿಗಳು ಇಂಥ ತಪ್ಪು ಅಳತೆಗೆ ಸಿಕ್ಕಿಬಿದ್ದರು. ಸಣ್ಣ ಕಿರಣಗಳನ್ನು ಹೀಗೆ ಅಳೆಯಿರಿ ಎಂಬ ಅಂತರರಾಷ್ಟ್ರೀಯ ಕೈಪಿಡಿಯನ್ನು ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ, ಅಮೆರಿಕದ ಫಿಸಿಸಿಸ್ಟರ ಸಂಘದ ಜೊತೆಗೂಡಿ ಹೊರತಂದದ್ದು 2017ರಲ್ಲಿ. ಆ ಹೊತ್ತಿಗೆ ಚಿಕಿತ್ಸೆ ಶುರುವಾಗಿ ದಶಕಗಳೇ ಆಗಿದ್ದವು. ಆ ಕೈಪಿಡಿಯ ಅಂಕಿಗಳು ಆಕಾಶದಿಂದ ಬೀಳಲಿಲ್ಲ. ವಿಕಿರಣ ಅಳೆಯುವ ಒಂದೊಂದು ಡಿಟೆಕ್ಟರನ್ನೂ ಒಂದೊಂದು ಯಂತ್ರದ ಕೆಳಗೆ ಇಟ್ಟು ಹೋಲಿಸಿ ಪ್ರಬಂಧ ಬರೆದ ಫಿಸಿಸಿಸ್ಟರಿಂದ ಬಂದವು. ಈಗ ಸ್ಕ್ಯಾನ್ ಚಿತ್ರದಲ್ಲಿ ಅಂಗಾಂಗಗಳ ಗಡಿಯನ್ನು ತಾನೇ ಗೆರೆ ಎಳೆದು ತೋರಿಸುವ ಕೃತಕ ಬುದ್ಧಿಮತ್ತೆಯ ತಂತ್ರಾಂಶ ಬರುತ್ತಿದೆ. ಅದು ಎಲ್ಲಿ ಎಡವುತ್ತದೆ ಎಂಬುದನ್ನು ಮಾರುವವರೇ ಬಂದು ಹೇಳುತ್ತಾರೆಂದು ನನಗೆ ನಂಬಿಕೆಯಿಲ್ಲ.

ಸಿಟಿ ಸ್ಕ್ಯಾನಿನ ಕಥೆಯೂ ತಮ್ಮ ಗಮನಕ್ಕೆ ಬರಲಿ. 1956ರಲ್ಲಿ ಕೇಪ್ ಟೌನಿನ ಗ್ರೂಟ್ ಷೂರ್ ಆಸ್ಪತ್ರೆಗೆ ಕಾನೂನಿನ ಪ್ರಕಾರ ಒಬ್ಬ ಭೌತವಿಜ್ಞಾನಿ ಬೇಕಾಗಿದ್ದರು. ವಿಶ್ವವಿದ್ಯಾಲಯದ ಉಪನ್ಯಾಸಕ ಅಲನ್ ಕಾರ್ಮ್ಯಾಕ್ ವಾರಕ್ಕೆ ಒಂದೂವರೆ ದಿನ ಅಲ್ಲಿಗೆ ಹೋದರು. ವಿಕಿರಣ ಚಿಕಿತ್ಸೆಯ ಲೆಕ್ಕದಲ್ಲಿ ಮೂಳೆ, ಶ್ವಾಸಕೋಶಗಳ ವ್ಯತ್ಯಾಸವನ್ನೇ ಬಿಟ್ಟಿರುವುದು ಅವರ ಕಣ್ಣಿಗೆ ಬಿತ್ತು. ದೇಹದೊಳಗಿನ ಆ ವ್ಯತ್ಯಾಸವನ್ನು ಹೊರಗಿನಿಂದ ಎಕ್ಸ್-ರೇ ಹಾಯಿಸಿ ಲೆಕ್ಕ ಹಾಕುವುದು ಹೇಗೆ ಎಂಬ ಬಗ್ಗೆ, ಅಂದರೆ ಸಿಟಿ ಸ್ಕ್ಯಾನಿನ ಹಿಂದಿನ ಗಣಿತದ ಬಗ್ಗೆ, 1963, 1964ರಲ್ಲಿ ಎರಡು ಪ್ರಬಂಧ ಪ್ರಕಟಿಸಿದರು. ಹೆಚ್ಚುಕಡಿಮೆ ಯಾರೂ ತಿರುಗಿ ನೋಡಲಿಲ್ಲ. 1979ರಲ್ಲಿ, ಸಿಟಿ ಸ್ಕ್ಯಾನರ್ ಕಟ್ಟಿದ ಎಂಜಿನಿಯರ್ ಹೌನ್ಸ್‌ಫೀಲ್ಡ್ ಜೊತೆ ಅವರಿಗೆ ನೊಬೆಲ್ ಬಂತು. ಇಂದಿನ ಮೌಲ್ಯಮಾಪನ ಸಮಿತಿಯ ಮುಂದೆ ಆ ಎರಡು ಪ್ರಬಂಧಗಳಿಗೆ ಎಷ್ಟು ಅಂಕ ಸಿಗುತ್ತಿತ್ತೋ!

ನಮ್ಮ ಪಾಡಿಗೆ ಇಬ್ಬರು ಯಜಮಾನರು. ಆಸ್ಪತ್ರೆ ರೋಗಿಗಳನ್ನು ಎಣಿಸುತ್ತದೆ, ವಿಶ್ವವಿದ್ಯಾಲಯ ಪ್ರಬಂಧಗಳನ್ನು ಎಣಿಸುತ್ತದೆ, ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬಂತೆ ನಾವು ನಡುವೆ. ಹಗಲೆಲ್ಲ ಯಂತ್ರ ರೋಗಿಗಳದ್ದು, ಅದು ಹಾಗೇ ಇರಬೇಕು. ಕೊನೆಯ ರೋಗಿ ಎದ್ದು ಹೋದ ಮೇಲೆ ಮರುದಿನದ ಚಿಕಿತ್ಸಾ ಪ್ಲಾನುಗಳ ತಪಾಸಣೆ. ಅದೂ ಮುಗಿದ ಮೇಲೆ ಉಳಿದ ರಾತ್ರಿ ವಿದ್ಯಾರ್ಥಿಯ ಪ್ರಯೋಗಕ್ಕೆ. ಇದನ್ನು ವರ್ಷಗಟ್ಟಲೆ ಮಾಡಿದ ಜಾಣ ಹುಡುಗ ಹುಡುಗಿಯರು ಕಡೆಗೆ ಯಂತ್ರ ತಯಾರಿಸುವ ಕಂಪನಿಗಳಿಗೆ ಹೊರಟುಹೋಗುತ್ತಾರೆ. ಅವರನ್ನು ದೂರುವ ಮನಸ್ಸು ನನಗಿಲ್ಲ.

ಹೊಸ ಕಟ್ಟಡ ಕೇಳುತ್ತಿಲ್ಲ, ಪ್ರಶಸ್ತಿಯನ್ನೂ ಅಲ್ಲ. ಬೋಧನಾ ಆಸ್ಪತ್ರೆಯ ಪ್ರತಿ ಫಿಸಿಸಿಸ್ಟ್ ಹುದ್ದೆಯ ಆದೇಶದಲ್ಲೇ ವಾರಕ್ಕೆ ಒಂದು ದಿನ ಸಂಶೋಧನೆಗೆ ಎಂದು ಬರೆಯಿಸಿ. ಆ ದಿನ ಅವರ ಕ್ಲಿನಿಕ್ ಕೆಲಸ ಮಾಡಲು ಇನ್ನೊಬ್ಬರಿಲ್ಲದಿದ್ದರೆ ಆದೇಶ ಕಾಗದದಲ್ಲೇ ಉಳಿಯುತ್ತದೆ. ಆದ್ದರಿಂದ ಹುದ್ದೆಗಳ ಸಂಖ್ಯೆಯನ್ನು ನಿಗದಿ ಮಾಡುವಾಗಲೇ ಈ ದಿನವನ್ನು ಲೆಕ್ಕಕ್ಕೆ ಸೇರಿಸಬೇಕು. ಬಡ್ತಿಯ ವಿಷಯದಲ್ಲಿ, ಒಂದು ಹೊಸ ಚಿಕಿತ್ಸಾ ವಿಧಾನವನ್ನು ಅಳೆದು ಸುರಕ್ಷಿತವಾಗಿ ಆರಂಭಿಸಿದ್ದಕ್ಕೂ ಪ್ರಬಂಧದಷ್ಟೇ ಬೆಲೆ ಸಿಗಲಿ.

ರೋಗಿಗಳ ಸಾಲು ಉದ್ದವಿರುವಾಗ ಒಂದು ದಿನ ಬಿಟ್ಟುಕೊಡುವುದು ಹೇಗೆ ಎಂದು ತಮ್ಮ ಅಧಿಕಾರಿಗಳು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಹುಡುಕುವ ಸಮಿತಿಯಲ್ಲಿ ವೈದ್ಯರು, ಹಣಕಾಸಿನವರ ಜೊತೆ ಕೆಲಸದಲ್ಲಿರುವ ಒಬ್ಬ ಫಿಸಿಸಿಸ್ಟ್ ಕೂಡ ಇರಲಿ. ಕರೆದರೆ ದಾಖಲೆಗಳ ಸಮೇತ ಬರಲು ನಮ್ಮಲ್ಲಿ ಹಲವರು ಸಿದ್ಧರಿದ್ದೇವೆ.

ಇಂತಿ ತಮ್ಮ ವಿಶ್ವಾಸಿ,
ಬೋಧನಾ ಆಸ್ಪತ್ರೆಯ ಒಬ್ಬ ಮೆಡಿಕಲ್ ಫಿಸಿಸಿಸ್ಟ್