ಹಾಲ್‌ನಿಂದ ಶುರು ಮಾಡಬೇಡ

ಪ್ರೀತಿಯ ಗೆಳೆಯಾ,

ನಿನ್ನ ಪತ್ರ ಓದಿದೆ. ಮನೆ ನವೀಕರಣಕ್ಕೆ ಅಂತ ಬಾಡಿಗೆ ಮನೆಗೆ ಹೋಗದೆ, ಇರುವ ಮನೆಯಲ್ಲೇ ಇದ್ದುಕೊಂಡು, ದುಡ್ಡು ಕೂಡಿದ ಹಾಗೆ ಒಂದೊಂದೇ ಭಾಗ ಮಾಡಿಸುತ್ತೇನೆ ಅಂದಿದ್ದೀಯ. ಅದು ಆಗುವ ಕೆಲಸವೇ. ಆದರೆ ಮೊದಲು ಹಾಲ್ ಅಂತ ಬರೆದಿದ್ದೀಯಲ್ಲ, ಅದನ್ನು ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ. ದಯವಿಟ್ಟು ಹಾಲ್‌ನಿಂದ ಶುರು ಮಾಡಬೇಡ.

ನಾವು ಮಾಡಿದ್ದು ಅದನ್ನೇ. ಹಾಲ್ ತುಂಬಾ ಚೆನ್ನಾಗಿ ಬಂತು. ಐದು ತಿಂಗಳು ಬಿಟ್ಟು ಅಡುಗೆಮನೆ ಕೆಲಸಕ್ಕೆ ಕೈ ಹಾಕಿದೆವು. ಎಲೆಕ್ಟ್ರಿಷಿಯನ್ ಮೇನ್ ಬೋರ್ಡ್ ನೋಡಿ, ಓವನ್‌ಗೆ ಇಲ್ಲಿಂದ ಬೇರೆಯೇ ಲೈನ್ ಬೇಕು ಅಂದರು. ಬೋರ್ಡಿನಿಂದ ಅಡುಗೆಮನೆಗೆ ಇದ್ದ ದಾರಿ ಹಾಲಿನ ಗೋಡೆ ಒಂದೇ. ಹೊಸ ಬಣ್ಣದ ಮೇಲೆ ಪೆನ್ಸಿಲ್‌ನಲ್ಲಿ ಎರಡು ಗೆರೆ ಎಳೆದರು, ಕಟರ್ ಇಟ್ಟರು. ನನ್ನ ಹೆಂಡತಿ ಅಲ್ಲಿ ನಿಲ್ಲಲಾರದೆ ಒಳಗೆ ಹೋದಳು. ಆಮೇಲೆ ಪುಟ್ಟಿ ತುಂಬಿ ಬಣ್ಣ ಬಳಿದರೂ, ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಆ ಪಟ್ಟಿ ಈಗಲೂ ಕಾಣುತ್ತದೆ.

ಅದಕ್ಕೇ ಹೇಳುತ್ತಿದ್ದೇನೆ. ಕೆಲಸ ಕಂತು ಕಂತಾಗಿ ನಡೆಯಲಿ, ಪ್ಲಾನ್ ಮಾತ್ರ ಇಡೀ ಮನೆಗೆ ಒಂದೇ ಸಲ ಆಗಿಬಿಡಲಿ. ಸೋರುವ ತಾರಸಿ, ತೇವ ಹಿಡಿದ ಗೋಡೆ ಇದ್ದರೆ ಎಲ್ಲಕ್ಕಿಂತ ಮೊದಲು ಅದು. ಆಮೇಲೆ ಗೋಡೆಯೊಳಗೆ ಹೋಗುವ ಪೈಪು, ವೈರು. ಮುಂದೆ ಎಲ್ಲೋ ಎಸಿ ಬೇಕಾಗಬಹುದು ಅನ್ನಿಸಿದರೆ ಈಗಲೇ ಖಾಲಿ ಪೈಪ್ ಹಾಕಿಸಿ, ಒಳಗೊಂದು ತಂತಿ ಬಿಟ್ಟು ಮುಚ್ಚಿಸು. ದುಡ್ಡು ಬಂದಾಗ ಆ ತಂತಿಗೆ ವೈರ್ ಕಟ್ಟಿ ಎಳೆದರೆ ಆಯಿತು. ಗಿಲಾವು ಮಾಡುವ ಮುಂಚೆ ಪ್ರತಿ ಗೋಡೆಗೂ ಅಳತೆಯ ಟೇಪ್ ಹಿಡಿದು ಫೋಟೊ ತೆಗೆದಿಡು. ಬಚ್ಚಲುಮನೆಗೊಂದು, ಅಡುಗೆಮನೆಗೊಂದು ಬೇರೆ ಬೇರೆ ವಾಲ್ವ್ ಹಾಕಿಸು. ಇಲ್ಲದಿದ್ದರೆ ಒಂದು ನಲ್ಲಿ ಬಿಚ್ಚಿದ ದಿನ ಇಡೀ ಮನೆಗೆ ನೀರಿರುವುದಿಲ್ಲ. 30 ಮಿಲಿಆಂಪ್‌ನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಕ್ಷಣ ತಾನೇ ಆಫ್ ಆಗುವ ಸ್ವಿಚ್, ಅದು ಕೂಡ ಮೊದಲ ಕಂತಿನಲ್ಲೇ ಬರಲಿ. ಒದ್ದೆ ನೆಲದಲ್ಲಿ ಮಷೀನ್ ಓಡುವ ಮನೆಯಲ್ಲಿ ಮಕ್ಕಳು ಓಡಾಡುತ್ತಿರುತ್ತಾರೆ, ಅಲ್ವಾ?

ಇರುವ ಎರಡು ಬಚ್ಚಲುಮನೆಯನ್ನೂ ಒಟ್ಟಿಗೆ ಒಡೆಸಬೇಡ. ಯಾರು ಎಷ್ಟೇ ಹೇಳಲಿ, ಒಪ್ಪಬೇಡ. ಒಂದು ಪೂರ್ತಿ ಮುಗಿದು, ನೀವೆಲ್ಲ ಒಂದು ವಾರ ಅಲ್ಲಿ ಸ್ನಾನ ಮಾಡಿದ ಮೇಲೆ ಇನ್ನೊಂದು. ವಾಟರ್ ಪ್ರೂಫಿಂಗ್ ಒಣಗಿದ ಮೇಲೆ ಟೈಲ್ಸ್ ಹಾಕುವ ಮುಂಚೆ ನೆಲದ ಮೇಲೆ ನೀರು ತುಂಬಿಸಿ ನಿಲ್ಲಿಸಿ, 24ರಿಂದ 48 ಗಂಟೆ ಬಿಟ್ಟು, ತೇವ ಇಳಿದಿದೆಯಾ ಅಂತ ಕೆಳಗಿನ ಛಾವಣಿ ಮುಟ್ಟಿ ನೋಡು. ಈ ಎರಡು ದಿನ ಯಾರೂ ಕೆಲಸಕ್ಕೆ ಬರುವುದಿಲ್ಲ. ಸಿಮೆಂಟ್ ಗಿಲಾವಿಗೆ ಒಂದು ವಾರ ನೀರು ಹಾಕಬೇಕು, ಬಣ್ಣ ಬಳಿಯುವ ಮುಂಚೆ ಸುಮಾರು 4 ವಾರ ಒಣಗಬೇಕು. ಹಾಗಾಗಿ ಕಾಯುವ ದಿನಗಳನ್ನೂ ಪ್ಲಾನಿನಲ್ಲೇ ಬರೆದುಕೋ.

ಧೂಳಿನ ವಿಷಯ ನಾವು ಹಗುರವಾಗಿ ತೆಗೆದುಕೊಂಡಿದ್ದೆವು. ಮುಚ್ಚಿದ ಬೀರುವಿನಲ್ಲಿ, ಮಡಚಿಟ್ಟ ಸೀರೆಯ ಮಡಿಕೆಯೊಳಗೂ ಬಿಳಿ ಪುಡಿ ಸಿಕ್ಕಿತು. ಅಮ್ಮನ ಕೆಮ್ಮು ಶುರುವಾದ ಮೇಲೆ ನಮಗೆ ಎಚ್ಚರವಾಯಿತು. ಕೆಲಸ ನಡೆಯುವ ಕಡೆಗೆ ಛಾವಣಿಯಿಂದ ನೆಲದವರೆಗೂ ದಪ್ಪ ಪ್ಲಾಸ್ಟಿಕ್ ಹಾಳೆ ಕಟ್ಟಿ, ಅಂಚಿಗೆಲ್ಲ ಟೇಪ್ ಹಚ್ಚಿಸು. ಕಲ್ಲು, ಟೈಲ್ಸ್ ಕೊಯ್ಯುವುದು ಹೊರಗೇ ಆಗಲಿ, ನೀರು ಹಾಕಿಕೊಂಡೇ ಕೊಯ್ಯಲಿ. ಆ ಧೂಳಿನಲ್ಲಿ ಸಿಲಿಕಾ ಇರುತ್ತದೆ, ಶ್ವಾಸಕೋಶಕ್ಕೆ ಕೆಟ್ಟದ್ದು. ತುಂಬಾ ಹಳೆಯ ಬಣ್ಣವಿದ್ದರೆ ಒಣಗಿದ ಹಾಗೇ ಉಜ್ಜಿಸಬೇಡ, ಅದರಲ್ಲಿ ಸೀಸ ಇರುವ ಸಾಧ್ಯತೆ ಇದೆ. ಒಂದು ಕೋಣೆಯನ್ನು ಮಾತ್ರ ಕೊನೆಯವರೆಗೂ ಯಾರೂ ಮುಟ್ಟದಿರಲಿ. ರಾತ್ರಿ ಬಾಗಿಲು ಹಾಕಿಕೊಂಡು ಎಲ್ಲರೂ ಮಲಗಲು ಅಂಥದ್ದೊಂದು ಜಾಗ ಬೇಕೇ ಬೇಕು.

ಅಡುಗೆಮನೆ ಒಡೆಸುವ ಎರಡು ದಿನ ಮುಂಚೆಯೇ ಬೇರೆ ಕಡೆ ಒಲೆ ಹೂಡಿ ಅಡುಗೆ ಮಾಡಿ ನೋಡಿ. ಕಿಟಕಿ ಇರಲಿ, ಪಾತ್ರೆ ತೊಳೆಯುವ ಜಾಗ ಹತ್ತಿರವಿರಲಿ. ಏನು ಕೊರತೆ ಅಂತ ಆಗಲೇ ಗೊತ್ತಾಗುತ್ತದೆ. ನಿಮ್ಮ ಮನೆಯವರನ್ನು ಕೇಳದೆ ಆ ಜಾಗ ನೀನೊಬ್ಬನೇ ಆರಿಸಬೇಡ.

ಟೈಲ್ಸ್ ಒಂದೇ ಬ್ಯಾಚಿನದ್ದು, ಲೆಕ್ಕಕ್ಕಿಂತ 10% ಜಾಸ್ತಿ ತಂದಿಡು. ಮೇಸ್ತ್ರಿಗೆ ದುಡ್ಡು ಆದ ಕೆಲಸಕ್ಕೆ ತಕ್ಕಂತೆ ಕೊಡು. ಪ್ರತಿ ಕಂತಿನಲ್ಲೂ ಸ್ವಲ್ಪ ದುಡ್ಡು ಎತ್ತಿಡು, ಹಳೆ ಗೋಡೆ ಒಡೆದ ಮೇಲೆ ಒಳಗೆ ಏನು ಸಿಗುತ್ತದೋ ಹೇಳಲಾಗದು.

ಈಗ ಒಂದು ಕೆಲಸ ಮಾಡು. ಒಂದು ಹಾಳೆಯ ಮೇಲೆ ಮನೆಯ ನಕ್ಷೆ ಬರೆದು ಕಳಿಸು, ಅಳತೆ ಸರಿ ಇರದಿದ್ದರೂ ಪರವಾಗಿಲ್ಲ. ಮೇನ್ ಬೋರ್ಡ್ ಎಲ್ಲಿದೆ, ಟ್ಯಾಂಕಿನ ಪೈಪ್ ಎಲ್ಲಿ ಇಳಿಯುತ್ತದೆ, ಯಾರು ಎಲ್ಲಿ ಮಲಗುತ್ತೀರಿ, ಇಷ್ಟು ಗುರುತು ಹಾಕಿರು. ಭಾನುವಾರ ಫೋನ್ ಮಾಡುತ್ತೇನೆ, ಇಬ್ಬರೂ ಸೇರಿ ನೋಡೋಣ.

ನಿನ್ನ,
ಗೆಳೆಯ