ಬಣ್ಣದ ಪೆಟ್ಟಿಗೆಯ ಹಿರಿಯರಿಗೆ

ನಮ್ಮ ದೆವ್ವದ ಸಿನಿಮಾ ಕೊನೆಗೂ ತುಮಕೂರಿನಲ್ಲಿ ತೆರೆ ಕಂಡಿದೆ. ಬಾವಿಕಟ್ಟೆಯ ದೃಶ್ಯಕ್ಕೆ ಜನ ಕಿರುಚಿದ್ದನ್ನು ಚಿತ್ರಮಂದಿರದ ಬಾಗಿಲ ಬಳಿ ನಿಂತು ಕೇಳಿದೆ. ಈ ಸಂತೋಷಕ್ಕೆ ಕಾರಣರಾದವರನ್ನು ನೆನೆಯದೆ ಇರಲಾರೆ.

ದೇವರಾಯನದುರ್ಗದ ತಪ್ಪಲಿನ ತೊಟ್ಟಿಮನೆಯನ್ನು ಬಿಟ್ಟುಕೊಟ್ಟ ಕುಟುಂಬಕ್ಕೆ, ಒಣಗಿದ ತೆಂಗಿನ ಗರಿಯನ್ನು ಅಂಗಳದಲ್ಲಿ ಎಳೆದಾಡಿ ದೆವ್ವದ ನಡಿಗೆಯ ಸದ್ದು ಹುಟ್ಟಿಸಿದ ಧ್ವನಿ ವಿಭಾಗದ ಹುಡುಗರಿಗೆ, ಸಂಭಾವನೆಯ ಮಾತನ್ನೇ ಎತ್ತದ ಕಲಾವಿದರಿಗೆ, ನಡುರಾತ್ರಿಯಲ್ಲೂ ಬಿಸಿ ಚಿತ್ರಾನ್ನ ಬಡಿಸಿದ ಅಡುಗೆಯವರಿಗೆ ಕೈಮುಗಿಯುತ್ತೇನೆ.

ಇನ್ನು ನಮ್ಮ ಪ್ರಸಾಧನದ ಹಿರಿಯರು. ತಮ್ಮ ಹೆಸರನ್ನು ಇಲ್ಲಿ ಬರೆಯಬಾರದೆಂದು ತಾಕೀತು ಮಾಡಿದ್ದಾರೆ. ಗುಬ್ಬಿಯವರು. 1884ರಲ್ಲಿ ಹುಟ್ಟಿದ ನಾಟಕ ಕಂಪನಿಯಿಂದ ಹೆಸರಾದ ಆ ಊರಿನಲ್ಲಿ, ಪರದೆಯ ಹಿಂದೆ ಬಣ್ಣ ಕಲಸುತ್ತಲೇ ಬೆಳೆದವರು. ಗೋಡೆಗೆ ಚಿಮ್ಮುವ ನೆತ್ತರು ಬೇಕೆಂದಾಗ ಯಾರನ್ನೂ ಅಂಗಡಿಗೆ ಓಡಿಸಲಿಲ್ಲ. ಅರಿಶಿನದ ನೀರಿಗೆ ಸುಣ್ಣ ಬೆರೆಸಿದರು. ಆರತಿ ತಟ್ಟೆಯ ಓಕುಳಿ ನಮ್ಮ ಕಣ್ಣೆದುರೇ ನೆತ್ತರಾಯಿತು. ಬೆಲ್ಲದ ಪಾಕ ಹಾಕಿ ಅದನ್ನು ಮಂದವಾಗಿಸಿದರು. ಆದರೆ ನಾಯಕಿಯ ಮುಖಕ್ಕೆ ಅದರ ಒಂದು ಹನಿಯನ್ನೂ ಸೋಕಿಸಲಿಲ್ಲ. ಸುಣ್ಣ ಚರ್ಮವನ್ನು ಸುಡುತ್ತದೆ ಎಂದು ಬೀಟ್‌ರೂಟ್ ರಸವನ್ನು ಸಕ್ಕರೆ ಪಾಕದಲ್ಲಿ ಬೇರೆಯಾಗಿ ಕುದಿಸಿ, ಮೊದಲು ತಮ್ಮ ಮುಂಗೈಗೆ ಹಚ್ಚಿ ನೋಡಿ, ಆಮೇಲೆ ಆಕೆಯ ಕೆನ್ನೆಗೆ ಹಚ್ಚಿದರು.

ಮಳೆ ಸುರಿದ ಆ ರಾತ್ರಿಯ ಕಥೆ ನಿಮಗೆಲ್ಲ ಗೊತ್ತು. ಜನರೇಟರ್ ಕೈಕೊಟ್ಟ ಮೇಲೆ ಬಹಳಷ್ಟು ಜನ ವ್ಯಾನ್ ಹತ್ತಿದರು, ಅವರನ್ನು ದೂರುವುದಿಲ್ಲ. ನಾನು ಅಡುಗೆಮನೆಯ ಮೂಲೆಯಲ್ಲಿ ಕುಳಿತು ಅತ್ತೆ. ಅಪ್ಪ ಅಡವಿಟ್ಟ ತೋಟವೂ ಹೋಯಿತು, ಸಿನಿಮಾವೂ ಹೋಯಿತು, ಇನ್ನು ಮನೆಯವರಿಗೆ ಹೇಗೆ ಮುಖ ತೋರಿಸಲಿ ಎಂಬುದೊಂದೇ ಯೋಚನೆ. ಪ್ರಸಾಧನದ ಹಿರಿಯರು ಸಮಾಧಾನ ಹೇಳಲು ಬರಲಿಲ್ಲ. ಲಾಟೀನು ಹಚ್ಚಿ, ನಾಯಕಿಯನ್ನು ಎದುರು ಕೂರಿಸಿಕೊಂಡು, ಲೇಟೆಕ್ಸ್ ಎಂಬ ದ್ರವ ರಬ್ಬರನ್ನು ಆಕೆಯ ಮುಖಕ್ಕೆ ತೆಳ್ಳಗೆ ಬಳಿಯತೊಡಗಿದರು. ಒಣಗಿಸುವ ಯಂತ್ರಕ್ಕೆ ವಿದ್ಯುತ್ ಇರಲಿಲ್ಲ. “ಬಾರಪ್ಪ, ಬೀಸು” ಎಂದು ಅಡಿಕೆ ಹಾಳೆಯ ಬೀಸಣಿಗೆಯನ್ನು ನನ್ನ ಕೈಗಿಟ್ಟರು. ಒಂದು ಪದರ ಆರಬೇಕು, ಆಮೇಲೆ ಇನ್ನೊಂದು, ಮತ್ತೆ ಬೀಸಬೇಕು. ನನ್ನ ಕೈ ಸೋತಾಗ ಆ ವಯಸ್ಸಿನಲ್ಲಿ ಅವರೇ ಬೀಸಿದರು. ಬೀಸುತ್ತಾ ಬೀಸುತ್ತಾ ನನ್ನ ಅಳು ಯಾವಾಗ ನಿಂತಿತೋ ತಿಳಿಯಲಿಲ್ಲ. ಮಳೆ ಬಿಡುವ ಹೊತ್ತಿಗೆ ಆ ಭಯಂಕರ ಮುಖ ಸಿದ್ಧವಾಗಿತ್ತು. ಉಳಿದುಕೊಂಡಿದ್ದ ಛಾಯಾಗ್ರಾಹಕ ಬೆಳಗಾಗುವ ಮುನ್ನ ಲಾಟೀನಿನ ಬೆಳಕಿನಲ್ಲೇ ಚಿತ್ರೀಕರಿಸಿದ. ಬಾವಿಕಟ್ಟೆಯ ದೃಶ್ಯ ಅದೇ.

ಕೊನೆಯಲ್ಲಿ ಮೇಲೇರುವ ಹೆಸರುಗಳ ನಡುವೆ ‘ಪ್ರಸಾಧನ’ ಎಂಬ ಸಾಲು ಓದುವಷ್ಟರಲ್ಲಿ ಮಾಯವಾಗುತ್ತದೆ. ದಯವಿಟ್ಟು ಅದು ಬರುವವರೆಗೆ ಏಳಬೇಡಿ. ಈ ಭಾನುವಾರ ಸಂಜೆಯ ಆಟಕ್ಕೆ ಅವರು ಮೊಮ್ಮಗಳನ್ನು ಕರೆದುಕೊಂಡು ಬರುತ್ತಿದ್ದಾರೆ. ಗುರುತಿರುವವರು ಮಾತನಾಡಿಸಿ.