ಸ್ವಸ್ತಿ, ಶಕವರ್ಷಾತೀತ 822: ಫಿಲಿಪೀನ್ಸಿನಿಂದ ಗೆಳೆಯನಿಗೊಂದು ಪತ್ರ

ಮನಿಲಾ

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ನೀನು "ಟ್ರಿಪ್ ಹೆಂಗಾತು?" ಅಂತ ಕೇಳಿದೆ. "ಚಲೋ ಆತು" ಅಂದು ಬೇರೆ ಮಾತಿಗೆ ಹೊರಳಿಬಿಟ್ಟೆ. ಹೇಳಬೇಕಾದದ್ದು ಬಹಳ ಇತ್ತು, ಅದು ಫೋನಿನಲ್ಲಿ ಹೇಳುವಂಥದ್ದಲ್ಲ ಅನ್ನಿಸಿತು. ಅದಕ್ಕೇ ಈ ಪತ್ರ. ನಾಲ್ಕು ಜನ ಓದಲಿ ಅಂತ ಎಲ್ಲರೂ ನೋಡುವಲ್ಲಿ ಹಾಕುತ್ತಿದ್ದೇನೆ. ನಿಮ್ಮಪ್ಪನ, ನಮ್ಮ ಕಾಕಾರ ವಿಷಯವನ್ನು ನಾಲ್ಕು ಜನರ ಮುಂದೆ ಹೇಳಬೇಕು ಅನ್ನುವ ಆಸೆ ನನಗೆ ಮೊದಲಿಂದಲೂ ಇದೆ.

ಆಫೀಸಿನ ಹನ್ನೊಂದು ಮಂದಿ, ಒಂದು ವ್ಯಾನು, ಐದು ದಿನ. ನಾನೊಬ್ಬ ಕನ್ನಡಿಗ, ಚೆನ್ನೈನ ಒಬ್ಬರು, ಉಳಿದವರೆಲ್ಲ ಇಲ್ಲಿಯವರೇ. ವ್ಯಾನು ನಡೆಸಿದವರನ್ನು ಎಲ್ಲರೂ "ಕುಯಾ" ಅನ್ನುತ್ತಿದ್ದರು. ಕುಯಾ ಅಂದರೆ ಅಣ್ಣ. ಇಲ್ಲಿ ಡ್ರೈವರನನ್ನಾಗಲಿ, ಅಂಗಡಿಯವನನ್ನಾಗಲಿ ಬರೇ ಹೆಸರು ಹಿಡಿದು ಕರೆಯುವುದಿಲ್ಲ. ಅಣ್ಣ, ಅಕ್ಕ ಅಂತಲೇ ಕರೆಯುತ್ತಾರೆ. ಅಕ್ಕನಿಗೆ "ಆಟೆ". ಬಂದ ಹೊಸದರಲ್ಲಿ ಊರು ನೆನಪಾಗಿ ಕಂಗಾಲಾಗಿದ್ದವನಿಗೆ ಮೊದಲು ಸಮಾಧಾನ ಕೊಟ್ಟದ್ದು ಈ ಎರಡು ಮಾತು.

ಮೊದಲ ದಿನ ಬೆಳಿಗ್ಗೆ ಊರು ಬಿಡುವ ಮುಂಚೆ ಮನಿಲಾದ ರಾಷ್ಟ್ರೀಯ ಮಾನವಶಾಸ್ತ್ರ ಸಂಗ್ರಹಾಲಯಕ್ಕೆ ಹೋಗೋಣ ಅಂತ ಹಟ ಹಿಡಿದವನು ನಾನು. ಅಲ್ಲೊಂದು ತಾಮ್ರಪಟ ಇದೆ ಅಂತ ಕೇಳಿದ್ದೆ. 1989ರಲ್ಲಿ ಲಗೂನಾ ಪ್ರಾಂತ್ಯದ ಲುಂಬಾನ್ ಹತ್ತಿರ ನದಿಯಿಂದ ಮರಳು ತೆಗೆಯುವಾಗ ಸಿಕ್ಕಿದ್ದು. ಹಳೇ ಲೋಹದ ತುಂಡಿನ ಹಾಗೆ ಕೈಯಿಂದ ಕೈಗೆ ದಾಟಿ ಕೊನೆಗೆ ಸಂಗ್ರಹಾಲಯ ಸೇರಿತು. ಆಂಟೂನ್ ಪೋಸ್ಟ್ಮಾ ಎಂಬ ಡಚ್ ವಿದ್ವಾಂಸರು ಕೂತು ಓದಿದರು. ನೋಡಲು ಏನೂ ದೊಡ್ಡದಲ್ಲ, ನಮ್ಮ ಶಾಲೆಯ ಪಾಟಿಯಷ್ಟು ಇರಬಹುದು. ಅಂಚು ಸುಕ್ಕಾಗಿದೆ, ಮೇಲೆ ಹತ್ತು ಸಾಲು. ಲಿಪಿ ಜಾವಾದ್ದು, "ಕವಿ" ಅಂತ ಅದರ ಹೆಸರು. ಪಲ್ಲವರ ಲಿಪಿಯಿಂದ ಕವಲೊಡೆದದ್ದು, ಹಾಗಾಗಿ ನಮ್ಮ ಹಳಗನ್ನಡ ಲಿಪಿಗೆ ದೂರದ ದಾಯಾದಿ. ನನಗೆ ಒಂದು ಅಕ್ಷರವೂ ಓದಲು ಬರಲಿಲ್ಲ, ಆದರೆ ಆ ಗುಂಡಗಿನ ತಿರುವುಗಳ ಮೇಲೆ ಕಣ್ಣು ಹರಿದಾಗ ಗುರುತಿನವರ ಮುಖ ಕಂಡ ಹಾಗಾಯಿತು. ಜೊತೆಗಿದ್ದ ಹುಡುಗಿ ಮೊಬೈಲಿನಲ್ಲಿ ಪಾಠ ತೆಗೆದು, ಇಂಗ್ಲಿಷ್ ಅಕ್ಷರದಲ್ಲಿ ಬರೆದದ್ದನ್ನು ತಡವರಿಸುತ್ತ ಓದಿದಳು:

"ಸ್ವಸ್ತಿ ಶಕವರ್ಷಾತೀತ 822 ವೈಶಾಖ ಮಾಸ... ಚತುರ್ಥಿ ಕೃಷ್ಣಪಕ್ಷ ಸೋಮವಾರ..."

ನಾನು ಅಲ್ಲಿಯೇ ನಿಂತುಬಿಟ್ಟೆ. "ಸ್ವಸ್ತಿ ಶಕನೃಪಕಾಲಾತೀತ ಸಂವತ್ಸರಶತಂಗಳ್" ಅಂತ ನೀನು ಲಕ್ಕುಂಡಿಯಲ್ಲಿ, ಅಣ್ಣಿಗೇರಿಯಲ್ಲಿ ಎಷ್ಟು ಸಲ ಓದಿ ಹೇಳಿಲ್ಲ! ಕಲ್ಲಿನ ಮೇಲೆ ನೀರು ಚಿಮುಕಿಸಿ, ಓರೆ ಬಿಸಿಲು ಬೀಳುವತನಕ ಕಾಯಿಸುತ್ತಿದ್ದೆ. ನಾನು ಹಸಿವಾಗಿದೆ ಅಂತ ಗೊಣಗುತ್ತ ಸೈಕಲ್ಲಿಗೆ ಒರಗಿ ನಿಂತಿರುತ್ತಿದ್ದೆ. ಶಕ 822 ಅಂದರೆ ಕ್ರಿ.ಶ. 900. ಆಗ ಮಾನ್ಯಖೇಟದಲ್ಲಿ ರಾಷ್ಟ್ರಕೂಟರ ಇಮ್ಮಡಿ ಕೃಷ್ಣ ಆಳುತ್ತಿದ್ದ. ಅದೇ ಹೊತ್ತಿಗೆ, ಅದೇ ಶಕದ ಲೆಕ್ಕದಲ್ಲಿ, ಅದೇ ಮಾಸ ಪಕ್ಷ ತಿಥಿ ವಾರ ಹೇಳಿ, ಇಷ್ಟು ಸಮುದ್ರದ ಆಚೆ ಒಬ್ಬ ಲಿಪಿಕಾರ ತಾಮ್ರದ ಮೇಲೆ ಉಳಿ ಹಿಡಿದು ಕೂತಿದ್ದ. ಈ ದೇಶದಲ್ಲಿ ತಾರೀಖು ಸಮೇತ ಸಿಕ್ಕ ಬರಹಗಳಲ್ಲಿ ಇದೇ ಎಲ್ಲಕ್ಕಿಂತ ಹಳೆಯದು.

ಏನು ಬರೆದಿದ್ದಾನೆ ಗೊತ್ತೇ? ರಾಜನ ಬಿರುದಿಲ್ಲ, ಯುದ್ಧವಿಲ್ಲ, ದೇವರಿಗೆ ಬಿಟ್ಟ ಭೂಮಿಯೂ ಇಲ್ಲ. ಸಾಲ ಮನ್ನಾ ಮಾಡಿದ ಪತ್ರ. ನಮ್ವರನ್ ಎಂಬ ಹಿರಿಯನ ಮೇಲೆ ಒಂದು ಕಾಟಿ ಎಂಟು ಸುವರ್ಣದ ಸಾಲ ಇತ್ತು. ಇವತ್ತಿನ ಲೆಕ್ಕಕ್ಕೆ ಕಿಲೋಗೆ ಸ್ವಲ್ಪ ಕಡಿಮೆ ಚಿನ್ನ. ಅದನ್ನು ಪೂರ್ತಿ ಬಿಟ್ಟಿದ್ದೇವೆ ಅಂತ ತುಂಡುನ್, ಅಂದರೆ ಇಂದಿನ ಮನಿಲಾದ ತೊಂಡೋದ ಒಡೆಯ, ಪೈಲಾಃ ಊರಿನ ಜಯದೇವ ಎಂಬ ಅಧಿಕಾರಿಯ ಮೂಲಕ ಬರೆಸಿ ಕೊಟ್ಟಿದ್ದಾನೆ. ಪತ್ರ ಪಡೆದವರು ನಮ್ವರನ್ನನ ಮಕ್ಕಳು: ಅಂಗ್ಕತನ್ ಎಂಬ ಮಗಳು, ಅವಳ ಒಡಹುಟ್ಟಿದ ಬುಕಾ.

ಅಕ್ಕ ಮತ್ತು ನಾನು. ಮರೆತಿಲ್ಲ ತಾನೇ? ನಮ್ಮಪ್ಪ ತೀರಿಕೊಂಡ ಹದಿಮೂರನೇ ದಿನ. ಕಾಕಾ ಬಂದು ಪಡಸಾಲೆಯಲ್ಲಿ ಕೂತು, ಕಿಸೆಯಿಂದ ಬಾಂಡ್ ಪೇಪರು ತೆಗೆದು, ನನ್ನನ್ನೂ ಅಕ್ಕನನ್ನೂ ಹತ್ತಿರ ಕರೆದರು. ಅಕ್ಕನ ಮದುವೆಗೆ ಅಪ್ಪ ಮಾಡಿದ್ದ ಸಾಲ ಅದು. ನಾನಾಗ ಪಿಯುಸಿ. ಮನೆ ಬಿಡಬೇಕಾಗುತ್ತದೆ ಅಂತಲೇ ತಿಳಿದಿದ್ದೆ. ಕಾಕಾ ಅದನ್ನು ನಮ್ಮ ಕಣ್ಣೆದುರೇ ಎರಡು ತುಂಡು ಮಾಡಿ ಅವ್ವನ ಕೈಗೆ ಕೊಟ್ಟು, "ಕಾಗದ ಹರದೇನಿ. ಇನ್ನ ಮ್ಯಾಲೆ ಈ ಮಾತು ಯಾರೂ ತೆಗೀಬ್ಯಾಡ್ರಿ" ಅಂದರು. ಚಹಾ ಕುಡಿದು ಎದ್ದು ಹೋದರು. ನೀನು ಬಾಗಿಲ ಹೊರಗೆ ಸೈಕಲ್ ಹಿಡಿದು ನಿಂತಿದ್ದೆ. ಒಳಗೆ ಏನಾಯಿತು ಅಂತ ನಿನಗೆ ಆವತ್ತು ಗೊತ್ತಿತ್ತೋ ಇಲ್ಲವೋ, ನಾನು ಕೇಳಲೇ ಇಲ್ಲ. ಮಾತು ತೆಗೀಬ್ಯಾಡ್ರಿ ಅಂದಿದ್ದರಲ್ಲ.

ಆ ಐದು ದಿನದಲ್ಲಿ ಮುಂದೆ ನೋಡಿದ್ದೆಲ್ಲವನ್ನೂ ಈ ನೆನಪು ಹೊತ್ತುಕೊಂಡೇ ನೋಡಿದೆ.

ಮನಿಲಾದಿಂದ ದಕ್ಷಿಣಕ್ಕೆ ಹೊರಟು ಲಗೂನಾದ ದೊಡ್ಡ ಸರೋವರದ ಪಕ್ಕದ ಪಿಲಾಕ್ಕೆ ಹೋದೆವು. ತಾಮ್ರಪಟದ ಪೈಲಾಃ ನಮ್ಮೂರೇ ಅಂತ ಇಲ್ಲಿಯ ಜನ ಅಭಿಮಾನದಿಂದ ಹೇಳುತ್ತಾರೆ, ವಿದ್ವಾಂಸರಲ್ಲಿ ಕೆಲವರು ಅದನ್ನು ಬೇರೆ ಕಡೆ ಗುರುತಿಸುತ್ತಾರೆ. ಸರೋವರದ ನೀರು ನುಗ್ಗುತ್ತದೆಂದು ಸುಮಾರು ಇನ್ನೂರು ವರ್ಷಗಳ ಹಿಂದೆ ಇಡೀ ಊರನ್ನೇ ಎತ್ತರದ ಜಾಗಕ್ಕೆ ಸಾಗಿಸಿದರಂತೆ. ನಡುವೆ ಚೌಕ, ಒಂದು ಬದಿಗೆ ಸಂತ ಅಂತೋನಿಯ ಚರ್ಚು, ಸುತ್ತ ಹಳೆಯ ಮನೆಗಳು. 2000ದಲ್ಲಿ ಇದನ್ನು ರಾಷ್ಟ್ರೀಯ ಐತಿಹಾಸಿಕ ತಾಣ ಅಂತ ಘೋಷಿಸಿದ್ದಾರೆ. ನನಗೆ ಹಿಡಿಸಿದ್ದು ಏನೆಂದರೆ, ಆ ಮನೆಗಳಲ್ಲಿ ಜನ ಇದ್ದಾರೆ. ಕಿಟಕಿಯಲ್ಲಿ ಬಟ್ಟೆ ಒಣಗುತ್ತಿತ್ತು. ಒಬ್ಬ ಅಜ್ಜಿ ಜಗಲಿಯಲ್ಲಿ ಕೂತು ಮೊಮ್ಮಗನಿಗೆ ಪಾಠ ಹೇಳಿಕೊಡುತ್ತಿದ್ದಳು. ಅವಳು ನಿವೃತ್ತ "ಗುರೋ" ಅಂತ ಕುಯಾ ಹೇಳಿದರು. ಮೇಷ್ಟರಿಗೆ ಇಲ್ಲಿ ಗುರೋ ಅನ್ನುತ್ತಾರೆ. ಮುಖಕ್ಕೆ "ಮುಖಾ", ಬಡವನಿಗೆ "ದುಖಾ", ಮನಸ್ಸಾಕ್ಷಿಗೆ "ಬುಧಿ". ಬಡವನನ್ನು ದುಃಖ ಅಂತಲೇ ಕರೆದದ್ದು ಕೇಳಿ ನಾನು ಬಹಳ ಹೊತ್ತು ಸುಮ್ಮನೆ ಕೂತೆ.

ತಾಳ್ ಪಟ್ಟಣದಲ್ಲಿ ಒಂದು ರಾತ್ರಿ ಉಳಿದೆವು. ಅದೂ ಜಾಗ ಬದಲಿಸಿದ ಊರೇ. 1754ರಲ್ಲಿ ತಾಳ್ ಜ್ವಾಲಾಮುಖಿ ತಿಂಗಳುಗಟ್ಟಲೆ ಉಗುಳಿ, ಸರೋವರದ ದಂಡೆಯ ಹಳೆಯ ಊರು ಬೂದಿಯಡಿ ಹೋಯಿತು. 2020ರ ಜನವರಿಯಲ್ಲಿ ಮತ್ತೆ ಅದೇ ಜ್ವಾಲಾಮುಖಿ ಎದ್ದಾಗ ಮನಿಲಾದತನಕ ಬೂದಿ ಸುರಿದಿತ್ತು. ಸಂತ ಮಾರ್ಟಿನ್ ಬಸಿಲಿಕಾ ಏಷ್ಯಾದಲ್ಲೇ ದೊಡ್ಡದು ಅನ್ನುತ್ತಾರೆ. ದೊಡ್ಡದೇ ಹೌದು, ಆದರೆ ನನ್ನ ಕಾಲು ಎಳೆದದ್ದು ಅದೇ ಊರಿನ ಒಂದು ಮನೆ, ಮಾರ್ಸೆಲಾ ಅಗೊನ್ಸಿಲ್ಯೊ ಅವರದ್ದು. ಫಿಲಿಪೀನ್ಸಿನ ಮೊದಲ ಬಾವುಟ ಹೊಲಿದವರು ಆಕೆ. 1898ರಲ್ಲಿ ಹಾಂಗ್‌ಕಾಂಗ್‌ನಲ್ಲಿ ದೇಶಭ್ರಷ್ಟರಾಗಿದ್ದಾಗ, ಪುಟ್ಟ ಮಗಳು ಲೊರೆಂಜಾ ಮತ್ತು ಈ ದೇಶದ ರಾಷ್ಟ್ರವೀರ ಹೊಸೆ ರಿಸಾಲ್ ಅವರ ಸೋದರ ಸೊಸೆ ಡೆಲ್ಫಿನಾ ಜೊತೆ ಕೂತು ಐದು ದಿನದಲ್ಲಿ ಹೊಲಿದರು. ಜೂನ್ 12ರಂದು ಕವಿತ್‌ನಲ್ಲಿ ಸ್ವಾತಂತ್ರ್ಯ ಸಾರಿದಾಗ ಹಾರಿದ್ದು ಅದೇ. ನಮ್ಮ ಗರಗದ ಖಾದಿ, ಬೆಂಗೇರಿಯಲ್ಲಿ ಬಾವುಟ ಹೊಲಿಯುವ ಹೆಣ್ಣುಮಕ್ಕಳ ವಿಷಯ ಜೊತೆಯವರಿಗೆ ಹೇಳಿದೆ. ಆಟೆಯೊಬ್ಬಳು ಕೇಳಿ ಕೇಳಿ ಬರೆದುಕೊಂಡಳು. ನಮ್ಮ ಜಿಲ್ಲೆಯ ಹೆಸರನ್ನು ಅವಳ ಬಾಯಲ್ಲಿ ಕೇಳುವುದು ಎಷ್ಟು ಚೆಂದ ಇತ್ತು!

ತಾಳ್‌ನಿಂದ ತಿರುಗಿ ಉತ್ತರಕ್ಕೆ. ಮನಿಲಾದಿಂದ ವಿಗಾನಿಗೇ ಸುಮಾರು 400 ಕಿಲೋಮೀಟರು. ದಾರಿಯಲ್ಲಿ ಮಧ್ಯರಾತ್ರಿ ಟೈರು ಹೋಯಿತು. ಎರಡೂ ಕಡೆ ಗದ್ದೆ, ಕಪ್ಪೆಗಳ ಸದ್ದು. ರಸ್ತೆ ಬದಿಯ ಪುಟ್ಟ ಅಂಗಡಿಯವರು ಎದ್ದು ದೀಪ ಹಚ್ಚಿ, ಹನ್ನೊಂದು ಮಂದಿಗೂ ಬಿಸಿ ಕಾಫಿ ಕೊಟ್ಟರು. ದುಡ್ಡು ಕೊಡಹೋದರೆ ಕೈ ಮುಂದೆ ಮಾಡಲಿಲ್ಲ.

ವಿಗಾನ್ ಬಗ್ಗೆ ನಿನಗೆ ಸ್ವಲ್ಪ ಬಿಡಿಸಿ ಹೇಳಬೇಕು. ಸ್ಪೇನಿನವರ ಕಾಲದ ಪಟ್ಟಣ, 1999ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. 1945ರ ಯುದ್ಧದಲ್ಲಿ ಮನಿಲಾದ ಕೋಟೆಯೊಳಗಿನ ಇಂಟ್ರಾಮುರೋಸ್ ನೆಲಸಮವಾಯಿತು. ಅಷ್ಟು ಚರ್ಚುಗಳಲ್ಲಿ ಸಂತ ಅಗಸ್ಟಿನ್ ಒಂದೇ ಉಳಿಯಿತು. ವಿಗಾನ್ ಮಾತ್ರ ಬಾಂಬಿನಿಂದ ಪಾರಾಯಿತು. ಇಲ್ಲಿಯ ಹೆಣ್ಣನ್ನು ಮದುವೆಯಾಗಿದ್ದ ಜಪಾನಿ ಅಧಿಕಾರಿಯೊಬ್ಬ ಊರನ್ನು ಪಾದ್ರಿಯ ಕೈಗೊಪ್ಪಿಸಿ, ಸುಡಬೇಡಿ ಅಂತ ಕೇಳಿಕೊಂಡು ಹೋದ ಅಂತ ಜನ ಕಥೆ ಹೇಳುತ್ತಾರೆ.

ಮನೆಗಳ ಕೆಳಗಿನ ಅಂತಸ್ತು ಕಲ್ಲು ಮತ್ತು ಇಟ್ಟಿಗೆ, ಮೇಲಿನದು ಮರ. ಕೆಳಗೆ ಗಾಡಿ, ದವಸ, ಮೇಲೆ ಜನ. ಭೂಮಿ ನಡುಗಿದರೆ ಮರದ ಅಂತಸ್ತು ತೂಗಿ ತಾಳಿಕೊಳ್ಳುತ್ತದೆ. ನಮಗೆ ಒಂದು ಮನೆಯ ಮಹಡಿ ಹತ್ತಲು ಬಿಟ್ಟರು. ಕಿಟಕಿಯಲ್ಲಿ ಗಾಜಿಲ್ಲ. ಕಾಪಿಸ್ ಎಂಬ ಕಡಲ ಚಿಪ್ಪನ್ನು ಅಂಗೈಗಿಂತ ಚಿಕ್ಕ ಚೌಕಗಳಾಗಿ ಕತ್ತರಿಸಿ, ಮರದ ಜಾಲರಿಯಲ್ಲಿ ಕೂರಿಸಿದ್ದಾರೆ. ಬೆರಳಿಂದ ಮುಟ್ಟಿದೆ, ಉಗುರಿನ ಹಾಗೆ ತೆಳ್ಳಗೆ, ತಣ್ಣಗೆ. ಹೊರಗೆ ಉರಿಬಿಸಿಲು, ಒಳಗೆ ಬರುವಾಗ ಅದು ಹಾಲಿನ ಬಣ್ಣ. ಕಿಟಕಿಯ ಕೆಳಗೆ ಮೊಣಕಾಲೆತ್ತರದಲ್ಲಿ ಇನ್ನೊಂದು ಪುಟ್ಟ ಬಾಗಿಲು. ಮೇಲಿನದು ಮುಚ್ಚಿದರೂ ಕೆಳಗಿಂದ ಗಾಳಿ ಬರಲಿ ಅಂತ. ನೆಲದ ಮೇಲೆ ಮಲಗುವವರನ್ನು ನೆನೆದು ಕಟ್ಟಿದ ಮನೆ ಅದು. 2022ರ ಜುಲೈ ಭೂಕಂಪದಲ್ಲಿ ಇಲ್ಲಿಯ ಎಷ್ಟೋ ಮನೆಗಳಿಗೆ ಪೆಟ್ಟಾಯಿತು, ಪಕ್ಕದ ಬಂತಾಯ್‌ನ ಗಂಟೆಗೋಪುರದ ಕಲ್ಲುಗಳು ಉದುರಿದವು. ಹಳೇ ಮನೆ ರಿಪೇರಿಗೆ ಎಷ್ಟು ದುಡ್ಡು ಬೇಕು ಅಂತ ನಿನಗೆ ಗೊತ್ತು. ನಮ್ಮಲ್ಲಿ ವಾಡೆಗಳನ್ನು ಕೆಡವಿ ಬಾಗಿಲು ಕಂಬ ಮಾರುವುದನ್ನು ನೋಡಿ ಬೆಳೆದ ನನಗೆ, ಈ ಜನ ಮನೆ ಬಿಡದೆ ಉಳಿಸಿಕೊಂಡಿರುವುದು ದೊಡ್ಡ ಕೆಲಸವಾಗಿ ಕಂಡಿತು.

ಕುಂಬಾರರ ಕೇರಿಗೂ ಹೋದೆವು. "ಬುರ್ನಾಯ್" ಅಂತ ಕಪ್ಪು ಕಂದು ಬಣ್ಣದ ಗಟ್ಟಿ ಜಾಡಿಗಳು. ಮಣ್ಣನ್ನು ತುಳಿಯುವುದು ಕೋಣ. ಚೀನಾದಿಂದ ಬಂದು ನೆಲೆಸಿದವರು ತಂದ ವಿದ್ಯೆ ಇದು. ಕಬ್ಬಿನ ವಿನೆಗರ್, ಬಾಸಿ ಎಂಬ ಕಬ್ಬಿನ ಮದ್ಯ ಎಲ್ಲವೂ ಹದವಾಗುವುದು ಇದರಲ್ಲೇ. ಆ ಬಾಸಿಯನ್ನು ಜನ ತಾವೇ ಮಾಡಿಕೊಳ್ಳುವುದನ್ನು ಸರಕಾರ ನಿಷೇಧಿಸಿತು ಅಂತ 1807ರಲ್ಲಿ ಈ ಸೀಮೆಯಲ್ಲಿ ದಂಗೆಯೇ ಆಗಿತ್ತು.

ಊಟದ ಚಿಂತೆ ನಿನ್ನಮ್ಮ ಪ್ರತಿ ಸಲ ಮಾಡುತ್ತಾರಲ್ಲ, ಅವರಿಗೆ ಹೇಳು: ವಿಗಾನಿನ ಎಂಪನಾಡಾ ಥೇಟು ನಮ್ಮ ಕರ್ಚಿಕಾಯಿ. ಅಕ್ಕಿಹಿಟ್ಟನ್ನು ಬಾಳೆಲೆಯ ಮೇಲೆ ತಟ್ಟಿ, ತುರಿದ ಪಪ್ಪಾಯ ಕಾಯಿ ತುಂಬಿ, ಮಡಿಸಿ, ಅಂಚು ಒತ್ತಿ ಎಣ್ಣೆಗೆ ಬಿಡುತ್ತಾರೆ. ಒಳಗೆ ಹಂದಿಮಾಂಸದ ಸಾಸೇಜು ಹಾಕುವುದು ವಾಡಿಕೆ. "ವಾಲಾಂಗ್ ಕರ್ನೆ", ಮಾಂಸ ಬೇಡ ಅಂತ ಕೇಳಿಕೊಂಡೆ. ಮಾಡುತ್ತಿದ್ದ ಆಟೆ ನನಗಾಗಿ ಬೇರೆ ಎಣ್ಣೆ ಇಟ್ಟಳು. ಪತ್ರದಲ್ಲಿ ಬರೆಯುವಷ್ಟು ದೊಡ್ಡ ವಿಷಯವೇ ಇದು, ನನ್ನ ಪಾಲಿಗೆ.

ಕೊನೆಯ ದಿನ ಪಾವಾಯ್ ಚರ್ಚು. 1694ರಲ್ಲಿ ಕೆಲಸ ಶುರುವಾಗಿ 1710ಕ್ಕೆ ಮುಗಿದದ್ದು. ಗೋಡೆಗೆ ಎರಡೂ ಕಡೆ ಒತ್ತುಗೊಟ್ಟ ದಪ್ಪ ಆನೆಕಾಲಿನಂಥ ಆಸರೆಗಳು, ಹವಳದ ಕಲ್ಲು ಮತ್ತು ಇಟ್ಟಿಗೆಯವು. ಗಾರೆಗೆ ಕಬ್ಬಿನ ಹಾಲು ಬೆರೆಸಿದ್ದರು ಅನ್ನುತ್ತಾರೆ, ನಮ್ಮವರು ಬೆಲ್ಲ ಹಾಕುತ್ತಿದ್ದ ಹಾಗೆ. ಗಂಟೆಗೋಪುರ ಮಾತ್ರ ಚರ್ಚಿಗೆ ಅಂಟಿಲ್ಲ, ದೂರಕ್ಕೆ ಒಂಟಿಯಾಗಿ ನಿಂತಿದೆ. ಭೂಕಂಪಕ್ಕೆ ಅದು ಉರುಳಿದರೂ ಒಳಗೆ ಪ್ರಾರ್ಥನೆಗೆ ಕೂತವರ ಮೇಲೆ ಬೀಳಬಾರದು ಅಂತ. ಸಂಜೆಯ ಓರೆ ಬಿಸಿಲು ಹವಳದ ಕಲ್ಲಿನ ಮೇಲೆ ಬಿದ್ದಾಗ ಪಕ್ಕದಲ್ಲಿ ನೀನಿರಬೇಕಿತ್ತು ಅನ್ನಿಸಿತು.

ಈಗ ಹೇಳಬೇಕಾದದ್ದಕ್ಕೆ ಬರುತ್ತೇನೆ. ಹೋದ ವರ್ಷ ಕಾಕಾ ತೀರಿಕೊಂಡಾಗ ನಾನು ಬರಲಿಲ್ಲ. ರಜೆ ಸಿಗಲಿಲ್ಲ ಅಂದಿದ್ದೆ, ಅದು ನಿಜ. ಆದರೆ ಬಂದು ನಿನ್ನ ಮುಂದೆ ಏನು ಹೇಳಲಿ ಅನ್ನುವ ಅಂಜಿಕೆಯೂ ಇತ್ತು. ಅವರು ಬದುಕಿದ್ದಾಗ ಒಂದು ಸಲವಾದರೂ ಅವರ ಕಾಲು ಮುಟ್ಟಿ, ನೀವು ಅವತ್ತು ಮಾಡಿದ್ದರಿಂದ ನಾನು ಓದಿದೆ, ಅಕ್ಕನ ಸಂಸಾರ ಉಳಿಯಿತು ಅಂತ ಹೇಳಲಿಲ್ಲ. ಸಾವಿರದ ನೂರು ವರ್ಷದ ಹಿಂದೆ ನಮ್ವರನ್ನನ ಮಕ್ಕಳಿಗೆ ಸಿಕ್ಕದ್ದು ನಮಗೆ ನಿಮ್ಮಪ್ಪನಿಂದ ಸಿಕ್ಕಿತು.

ತಾಮ್ರಪಟದ ಕೊನೆಯ ಸಾಲು ಅರ್ಧಕ್ಕೇ ನಿಂತಿದೆ. ಮುಂದೆ ಎಂದಾದರೂ ಯಾರಾದರೂ ಬಂದು, ಈ ಸಾಲ ಇನ್ನೂ ತೀರಿಲ್ಲ ಅಂದರೆ, ಅನ್ನುವಲ್ಲಿಗೆ ಜಾಗ ಮುಗಿಯುತ್ತದೆ. ಉಳಿದದ್ದು ಇನ್ನೊಂದು ಪಟದಲ್ಲಿ ಇದ್ದಿರಬೇಕು, ಅದು ಸಿಕ್ಕಿಲ್ಲ.

ಕಾಕಾ ಹರಿದ ಕಾಗದದ ಎರಡೂ ತುಂಡು ಅವ್ವನ ಟ್ರಂಕಿನಲ್ಲಿವೆ, ಮದುವೆ ಸೀರೆಯ ಮಡಿಕೆಯಲ್ಲಿ. ಮೊನ್ನೆ ಫೋನು ಮಾಡಿ ಕೇಳಿದೆ, ತೆಗೆದು ನೋಡಿ ಇದೆ ಅಂದಳು. ದೀಪಾವಳಿಗೆ ಬರುತ್ತೇನೆ, ರಜೆ ಹಾಕಿ ಆಯಿತು. ತಂದು ನಿನ್ನ ಕೈಗೆ ಕೊಡುತ್ತೇನೆ. ಅದರಲ್ಲಿ ಕಾಕಾರ ಸಹಿ ಇದೆ, ನೀಲಿ ಶಾಯಿಯದು. ಅಕ್ಷರ ಸ್ವಲ್ಪ ಮಾಸಿರಬಹುದು. ನೀನು ಓದಬಲ್ಲೆ.

ನಿನ್ನವ